ಒಂದೇ ಮಾದರಿ, ಎರಡು ಪ್ರೊಸೆಸರ್, ಎರಡು ಉತ್ತರ

ದತ್ತಾಂಶ ಅದೇ, ದೇಹದಲ್ಲಿ ಔಷಧದ ಏರಿಳಿತವನ್ನು ಹೇಳುವ ಗಣಿತದ ಮಾದರಿ ಅದೇ, ಅದನ್ನು ದತ್ತಾಂಶಕ್ಕೆ ಹೊಂದಿಸುವ ನಾನ್‌ಮೆಮ್ ತಂತ್ರಾಂಶದ ಆವೃತ್ತಿಯೂ ಅದೇ. ಆದರೂ ಇಂಟೆಲ್ ಯಂತ್ರದಲ್ಲಿ ಬಂದ ಉತ್ತರವು ಆಪಲ್‌ನ ಎಂ1 ಚಿಪ್ಪಿನಲ್ಲಿ ಬಂದ ಉತ್ತರಕ್ಕೆ ಅಂಕಿಗೆ ಅಂಕಿ ಹೊಂದುತ್ತಿಲ್ಲ, ಪ್ರಬಂಧದಲ್ಲಿ ಯಾವುದನ್ನು ಬರೆಯಬೇಕು? ಮಂಗಳೂರು, ಮಣಿಪಾಲದ ಕಡೆ ಫಾರ್ಮಸಿಯಲ್ಲಿ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ನನ್ನಲ್ಲಿ ಆಗಾಗ ಕೇಳುತ್ತಾರೆ. ಯಾವ ಯಂತ್ರ ಸರಿ ಎಂದು ಹುಡುಕುತ್ತಾ ಕೂರಬೇಡಿ, ಮೊದಲು ಮಾದರಿಯನ್ನೇ ಪರೀಕ್ಷಿಸಿ ಎಂದು ನಾನು ಹೇಳುತ್ತೇನೆ.

ಕಂಪ್ಯೂಟರು ಸಾಮಾನ್ಯವಾಗಿ ಒಂದು ಸಂಖ್ಯೆಯನ್ನು 53 ಬಿಟ್‌ಗಳ ನಿಖರತೆಯಲ್ಲಿ, ಎಂದರೆ ಸುಮಾರು 16 ದಶಮಾಂಶ ಅಂಕಿಗಳಲ್ಲಿ ಹಿಡಿದಿಡುತ್ತದೆ. ಹಾಗಾಗಿ 1ರ ಮುಂದೆ 16 ಸೊನ್ನೆಗಳಿರುವ ಸಂಖ್ಯೆಗೆ 1 ಕೂಡಿಸಿ ಆಮೇಲೆ ಅದೇ ದೊಡ್ಡ ಸಂಖ್ಯೆಯನ್ನು ಕಳೆದರೆ ಸೊನ್ನೆ ಬರುತ್ತದೆ. ಮೊದಲು ಕಳೆದು ಆಮೇಲೆ ಕೂಡಿಸಿದರೆ 1 ಬರುತ್ತದೆ. ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರು ಕೂಡಿಸುವ ಕ್ರಮವನ್ನು ಬದಲಿಸಿದರೂ, ಕೆಲಸವನ್ನು ಪ್ರೊಸೆಸರಿನ ಹಲವು ಕೋರ್‌ಗಳಿಗೆ ಹಂಚಿದರೂ ಕೊನೆಯ ಅಂಕಿಗಳು ಕದಲುತ್ತವೆ. ಕಂಪ್ಯೂಟರಿನ ಲೆಕ್ಕಗಳಿಗಾಗಿ ರೂಪಿಸಿದ 1985ರ ಐಇಇಇ 754 ಮಾನದಂಡವು ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ಕ್ರಿಯೆಗಳ ಫಲವನ್ನು ಬಿಗಿಯಾಗಿ ನಿಗದಿಪಡಿಸಿತು; ಆದರೆ ರಕ್ತದಲ್ಲಿ ಔಷಧ ಇಳಿಯುವುದನ್ನು ಹೇಳುವ ಸಮೀಕರಣಗಳಲ್ಲೆಲ್ಲ ಕಾಣಿಸಿಕೊಳ್ಳುವ ಘಾತೀಯ ಫಲನದ ಕೊನೆಯ ಅಂಕಿಯನ್ನು ಗಣಿತ ಲೈಬ್ರರಿಗೇ ಬಿಟ್ಟಿತು. ಇದರ ಜೊತೆಗೆ, ಗುಣಿಸಿ ಕೂಡಿಸುವ ಎರಡು ಹೆಜ್ಜೆಗಳನ್ನು ಒಂದೇ ದುಂಡಾಗಿಸುವಿಕೆಯಲ್ಲಿ ಮುಗಿಸುವ ಎಫ್‌ಎಂಎ ಆದೇಶವು 64 ಬಿಟ್ ಆರ್ಮ್ ಚಿಪ್ಪುಗಳಲ್ಲಿ (ಎಂ1 ಅಂಥದ್ದೇ) ಸದಾ ಇರುತ್ತದೆ, ಇಂಟೆಲ್‌ನ ಹಳೆಯ ಚಿಪ್ಪುಗಳಲ್ಲಿ ಇರಲೇ ಇಲ್ಲ.

ಹದಿನಾರನೆಯ ಅಂಕಿಯ ವ್ಯತ್ಯಾಸ ತಾನಾಗಿ ಯಾವ ರೋಗಿಗೂ ತಟ್ಟುವುದಿಲ್ಲ. ಅದು ದೊಡ್ಡದಾಗುವುದು ಅಂದಾಜಿನ ಹಾದಿಯಲ್ಲಿ. ಮಾದರಿಯಲ್ಲಿ ಅಂದಾಜಿಸಬೇಕಾದ ಸಂಖ್ಯೆಯನ್ನು, ಎಂದರೆ ನಿಯತಾಂಕವನ್ನು, ತುಸು ಸರಿಸಿ, ಫಲನದಲ್ಲಾದ ಬದಲಾವಣೆಯನ್ನು ಆ ಪುಟ್ಟ ಹೆಜ್ಜೆಯಿಂದ ಭಾಗಿಸಿ ಇಳಿಜಾರನ್ನು ಪಡೆಯುವಾಗ ನಂಬಬಹುದಾದ ಅಂಕಿಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತವೆ. ಇಳಿಜಾರಿನ ಬದಲಾವಣೆಯನ್ನು ಹೇಳುವ ಎರಡನೆಯ ವ್ಯುತ್ಪನ್ನದಲ್ಲಿ ಇನ್ನೂ ಕಡಿಮೆ. ಆದ್ದರಿಂದಲೇ ರಕ್ತದಿಂದ ಔಷಧವನ್ನು ತೆಗೆದುಹಾಕುವ ದೇಹದ ಸಾಮರ್ಥ್ಯವಾದ ಕ್ಲಿಯರೆನ್ಸ್ ಮೂರು ಅಂಕಿಗಳವರೆಗೆ ಹೊಂದಿದರೂ, ಆ ಅಂದಾಜು ಎಷ್ಟು ಅನಿಶ್ಚಿತ ಎಂದು ಈ ವ್ಯುತ್ಪನ್ನದ ಆಧಾರದಲ್ಲಿ ಹೇಳುವ ಸ್ಟ್ಯಾಂಡರ್ಡ್ ಎರರ್ ಹೊಂದದೆ ಹೋಗಬಹುದು. ದತ್ತಾಂಶ ತಾಳುವುದಕ್ಕಿಂತ ಹೆಚ್ಚು ನಿಯತಾಂಕಗಳನ್ನು ಹೇರಿದರಂತೂ, ಬೈಲುಗದ್ದೆಯಲ್ಲಿ ನಿಂತ ನೀರಿನ ಹಾಗೆ, ಹುಡುಕಾಟಕ್ಕೆ ಇಳಿದುಹೋಗುವ ದಿಕ್ಕೇ ಸಿಗುವುದಿಲ್ಲ. ಅಲ್ಲಿ ದಿಕ್ಕನ್ನು ತೀರ್ಮಾನಿಸುವುದು ಕೊನೆಯ ಅಂಕಿಯೇ.

ನನ್ನನ್ನು ನಿಜವಾಗಿ ಚಿಂತೆಗೀಡುಮಾಡುವುದು 3.84 ಎಂಬ ಗಡಿ. ಒಂದು ನಿಯತಾಂಕ ಸೇರಿಸಿದಾಗ ಆಬ್ಜೆಕ್ಟಿವ್ ಫಂಕ್ಷನ್ (ಮಾದರಿ ದತ್ತಾಂಶಕ್ಕೆ ಎಷ್ಟು ಹೊಂದುತ್ತದೆ ಎಂಬುದರ ಅಳತೆ, ಕಡಿಮೆಯಾದಷ್ಟೂ ಒಳ್ಳೆಯದು) ಇದಕ್ಕಿಂತ ಹೆಚ್ಚು ಇಳಿದರೆ ಅದನ್ನು ಉಳಿಸಿಕೊಳ್ಳುವುದು ವಾಡಿಕೆ. ಮೂತ್ರಪಿಂಡದ ಶಕ್ತಿಯ ಪ್ರಭಾವವನ್ನು ಹೇಳುವ ನಿಯತಾಂಕ ಸೇರಿಸಿದಾಗ ಒಂದು ಯಂತ್ರದಲ್ಲಿ 3.9, ಇನ್ನೊಂದರಲ್ಲಿ 3.7 ಇಳಿಯಿತೆಂದುಕೊಳ್ಳಿ, ಆ ಶಕ್ತಿಗೆ ತಕ್ಕಂತೆ ಡೋಸ್ ಬದಲಿಸಬೇಕೇ ಎಂಬುದನ್ನು ಆಗ ಪ್ರೊಸೆಸರ್ ತೀರ್ಮಾನಿಸಿದಂತಾಗುತ್ತದೆ. ಇದನ್ನು ಒಪ್ಪಲಾಗದು.

ಆದ್ದರಿಂದ ಬೇರೆ ಬೇರೆ ಆರಂಭಿಕ ಬೆಲೆಗಳಿಂದ ಎರಡೂ ಯಂತ್ರಗಳಲ್ಲಿ ಮಾದರಿಯನ್ನು ಓಡಿಸಿ, ಎಷ್ಟು ಅಂಕಿ ಹೊಂದಿದರೆ ಸಾಕೆಂದು ಮೊದಲೇ ಬರೆದಿಟ್ಟುಕೊಳ್ಳಿ ಎನ್ನುತ್ತೇನೆ. ಹೊಂದದಿದ್ದರೆ ಎಫ್‌ಎಂಎ ಬಳಸದಂತೆ ಕಂಪೈಲರಿಗೆ ತಿಳಿಸಿ ಮತ್ತೊಮ್ಮೆ ಓಡಿಸಿದಾಗ ವ್ಯತ್ಯಾಸದ ಮೂಲ ಅನೇಕ ಸಲ ಹೊರಬೀಳುತ್ತದೆ. ಪ್ರಬಂಧದಲ್ಲಿ ತಂತ್ರಾಂಶದ ಆವೃತ್ತಿಯ ಪಕ್ಕದಲ್ಲೇ ಕಂಪೈಲರ್, ಅದಕ್ಕೆ ಕೊಟ್ಟ ಆಯ್ಕೆಗಳು, ಪ್ರೊಸೆಸರ್ ಈ ಮೂರೂ ಇರಬೇಕು.