ಮೊದಲು ಅವಳು ಏನಂದ್ಲು ಹೇಳು

ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಮೂರನೇ ತರಗತಿ ಓದಿದ್ದು 2002-03ರಲ್ಲಿ. ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕು ಅಂದ ಕೂಡಲೇ ಎಲ್ಲಿ ನೋಡಿದರೂ ಭತ್ತ, ಕಾಲುವೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಮ್ಮೂರಲ್ಲಿ ತುಂಗಭದ್ರಾ ನೀರು ಅರ್ಧ ಹೊಲಕ್ಕೆ ಮಾತ್ರ, ಉಳಿದ ಅರ್ಧ ಮಳೆ ನಂಬಿದ್ದು. ಹಾಗಾಗಿ ಒಂದೇ ಕೋಣೆಯಲ್ಲಿ ಕ್ಯಾಂಪಿನಿಂದ (ಆಂಧ್ರದಿಂದ ಬಂದ ರೈತರು ನೆಲೆಸಿದ ಊರು) ಬರುವ ತೆಲುಗು ಹುಡುಗರು, ತಾಂಡಾದ ಲಂಬಾಣಿ ಮಕ್ಕಳು, ಮನೆಯಲ್ಲಿ ಉರ್ದು ಮಾತಾಡುವವರು, ಊರೊಳಗಿನ ನಾವು, ಎಲ್ಲರೂ ಇದ್ದೆವು. ಯಾರ ಪಕ್ಕ ಯಾರು ಕೂರಬೇಕು, ಯಾರ ಪಕ್ಕ ಕೂರಬಾರದು ಅನ್ನೋದನ್ನ ಶಾಲೆಗೆ ಸೇರುವ ಮುಂಚೆನೇ ಮನೆಯಿಂದ ಕಲಿತು ಬಂದಿದ್ದೆವು. ಅದನ್ನು ನಮ್ಮಿಂದ ಬಿಡಿಸಿದವರು ನಮ್ಮ ಅಕ್ಕೋರು, ಅಂದರೆ ನಮ್ಮ ತರಗತಿಯ ಟೀಚರ್. ಅದಕ್ಕೆ ಅಂತ ಬೇರೆ ಪಿರಿಯಡ್ ಇಟ್ಟುಕೊಳ್ಳಲಿಲ್ಲ. ಗಣಿತ ಮಾಡಿಸುತ್ತಾ, ಪರಿಸರ ಅಧ್ಯಯನ ಓದಿಸುತ್ತಾನೇ ಬಿಡಿಸಿದರು.

ಅವರ ಹೆಸರು ಹಾಕಬೇಡ ಅಂತ ಅವರೇ ಹೇಳಿದ್ದಾರೆ, ಅದಕ್ಕೆ ಅಕ್ಕೋರು ಅಂತಲೇ ಬರೆಯುತ್ತೇನೆ. ನಮ್ಮ ಬ್ಯಾಚಿನವರಿಗೆ ಯಾರು ಅಂತ ಗೊತ್ತಾಗುತ್ತದೆ.

ಗೇಣಿನ ಪಾಠದಿಂದ ಶುರು ಮಾಡುತ್ತೇನೆ. ಗೋಡೆಯ ಕರಿಹಲಗೆ ಎಷ್ಟು ಉದ್ದ ಇದೆ, ಗೇಣು ಹಾಕಿ ಅಳೀರಿ ಅಂತ ಅಕ್ಕೋರು ಹೇಳಿದರು. ಇಬ್ಬಿಬ್ಬರ ಜೋಡಿ. ಜೋಡಿ ಮಾಡಿದ್ದು ಅವರೇ, ನಮ್ಮ ಇಷ್ಟಕ್ಕೆ ಬಿಡಲಿಲ್ಲ. ನನಗೆ ಬಂದ ಜೊತೆ ತಾಂಡಾದ ಹುಡುಗಿ. ಅವಳ ಲೆಕ್ಕ ಒಂದು ಬಂತು, ನನ್ನದು ಇನ್ನೊಂದು. ಎಲ್ಲಾ ಜೋಡಿಗಳದ್ದೂ ಇದೇ ಕಥೆ, ಕೋಣೆಯೆಲ್ಲಾ ಜಗಳ. ನೀ ತಪ್ಪು, ನೀ ಕಳ್ಳಾಟ ಆಡಿದಿ, ನಿಂಗ ಎಣಸಾಕ ಬರಂಗಿಲ್ಲ ಅಂತ ಕೂಗಾಟ. ಬೇರೆ ಯಾರಾದರೂ ಆಗಿದ್ದರೆ ಬೆತ್ತ ಮೇಜಿಗೆ ಹೊಡೆದು, ಸರಿಯಾದ ಉತ್ತರ ಹೇಳಿ ಮುಗಿಸುತ್ತಿದ್ದರು. ಅಕ್ಕೋರು ನನ್ನನ್ನೂ ಅವಳನ್ನೂ ಹಲಗೆ ಹತ್ತಿರ ಕರೆದು, "ಮೊದಲು ಅವಳು ಏನಂದ್ಲು ಹೇಳು, ಆಮ್ಯಾಲೆ ನಿಂದು" ಅಂದರು. ನಾನು ಅವಳ ಲೆಕ್ಕವನ್ನು ಅವಳು ಹೇಳಿದ ಹಾಗೇ ಹೇಳಬೇಕು. ಅವಳು "ಹೌದು, ಹಂಗೇ ಅಂದೆ" ಅಂತ ಒಪ್ಪಿಕೊಂಡ ಮೇಲೆ ಮಾತ್ರ ನನ್ನ ಸರದಿ. ಆಮೇಲೆ ಅವಳೂ ನನ್ನದನ್ನು ಹಾಗೇ ಹೇಳಬೇಕು. ಕೊನೆಗೆ ಇಬ್ಬರೂ ಅಂಗೈ ಒಂದಕ್ಕೊಂದು ಹಚ್ಚಿ ನೋಡಿದೆವು. ಅವಳ ಕೈ ದೊಡ್ಡದು. ಇಬ್ಬರ ಎಣಿಕೆಯೂ ಸರಿ ಇತ್ತು. ಹಾಗಾದರೆ ಊರಿಗೆಲ್ಲಾ ಒಂದೇ ಅಳತೆ ಬೇಕಲ್ವಾ ಅಂತ ಹಿಂದಿನಿಂದ ಯಾರೋ ಕೇಳಿದರು. ಅಕ್ಕೋರು ಸ್ಕೇಲು ತೆಗೆದಿದ್ದು ಆಗ.

ಆ ಪಾಠದಲ್ಲಿ ಸೆಂಟಿಮೀಟರ್ ಎಷ್ಟು, ಮಾತು ಕೇಳಿಸಿಕೊಳ್ಳುವ ಅಭ್ಯಾಸ ಎಷ್ಟು ಅಂತ ಬೇರೆ ಮಾಡಲು ಇವತ್ತಿಗೂ ನನಗೆ ಆಗುವುದಿಲ್ಲ. ನಾನೀಗ ಕೊಪ್ಪಳ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತೇನೆ. ಜಗಳ ಶುರುವಾದಾಗೆಲ್ಲಾ ನನ್ನ ಬಾಯಿಗೆ ಮೊದಲು ಬರುವುದು ಅದೇ ಮಾತು.

ಇನ್ನೊಂದು ಅವರ ಚೀಟಿ ಪಾಠ. ತುಂಗಭದ್ರಾ ಅಣೆಕಟ್ಟಿನ ಪಾಠವನ್ನು ನಾಲ್ಕು ತುಂಡು ಮಾಡಿ ಚೀಟಿಗಳಲ್ಲಿ ಬರೆದು ತಂದಿದ್ದರು. ಒಂದರಲ್ಲಿ ಅಣೆಕಟ್ಟು, ಅದರ 33 ಗೇಟು. ಇನ್ನೊಂದರಲ್ಲಿ ಎಡದಂಡೆ ಕಾಲುವೆ ಎಲ್ಲೆಲ್ಲಿ ಹರಿಯುತ್ತದೆ ಅನ್ನೋದು. ಮೂರನೆಯದು ಬೆಳೆ, ನಾಲ್ಕನೆಯದು ಜಲಾಶಯದಲ್ಲಿ ಮುಳುಗಿದ ಊರುಗಳು. ಗುಂಪಿನಲ್ಲಿ ನಾಲ್ಕು ಜನ, ತಲೆಗೊಂದು ಚೀಟಿ. ನಿನ್ನ ಚೀಟಿ ನೀನು ಮಾತ್ರ ಓದಬೇಕು, ಉಳಿದ ಮೂವರಿಗೆ ನೀನೇ ಹೇಳಿಕೊಡಬೇಕು. ಕೊನೆಗೆ ಪ್ರಶ್ನೆ ಮಾತ್ರ ನಾಲ್ಕೂ ಚೀಟಿಯಿಂದ. ನಮ್ಮ ಗುಂಪಿನ ಕ್ಯಾಂಪಿನ ಹುಡುಗನಿಗೆ ಕನ್ನಡ ತಡವರಿಸುತ್ತಿತ್ತು. ಅವನು ಬಾಯಿ ಬಿಟ್ಟರೆ ಸಾಕು, ಎಲ್ಲರೂ ನಗುತ್ತಿದ್ದರು. ಆದರೆ ಬೆಳೆಯ ಚೀಟಿ ಇದ್ದದ್ದು ಅವನ ಹತ್ತಿರ. ನಕ್ಕರೆ ಅವನು ಸುಮ್ಮನಾಗುತ್ತಾನೆ, ಅವನು ಸುಮ್ಮನಾದರೆ ನಮಗೆ ಉತ್ತರ ಇಲ್ಲ. ಹಾಗಾಗಿ ಅವತ್ತು ಯಾರೂ ನಗಲಿಲ್ಲ. ಸಸಿ ಮಡಿ ಹೇಗೆ ಮಾಡ್ತಾರೆ, ನಾಟಿ ಯಾವಾಗ, ನೀರು ಯಾವಾಗ ಕಟ್ಟಬೇಕು, ಎಲ್ಲಾ ಅವನು ಚೀಟಿಯಲ್ಲಿ ಇದ್ದದ್ದಕ್ಕಿಂತ ಜಾಸ್ತಿನೇ ಹೇಳಿದ. ಸಿಕ್ಕದ ಮಾತಿಗೆ ತೆಲುಗಿನಲ್ಲಿ ಹೇಳುತ್ತಿದ್ದ, ನಾವು ಕನ್ನಡ ಹುಡುಕಿ ಕೊಡುತ್ತಿದ್ದೆವು.

ಡಿ.ಎಡ್. ಓದುವಾಗ ಒಂದು ವಿಷಯ ತಿಳಿದು ಮೈ ಜುಮ್ ಅಂದಿತು. 1971ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ ಕರಿಯ, ಬಿಳಿಯ, ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಸಲ ಒಂದೇ ತರಗತಿಯಲ್ಲಿ ಕೂತು ಹೊಡೆದಾಡುತ್ತಿದ್ದಾಗ, ಎಲಿಯಟ್ ಆರನ್ಸನ್ ಎಂಬ ಮನಃಶಾಸ್ತ್ರಜ್ಞರು ಇದೇ ದಾರಿ ಹಿಡಿದಿದ್ದರಂತೆ. ಪಾಠವನ್ನು ತುಂಡು ಮಾಡಿ ಮಕ್ಕಳಿಗೆ ಹಂಚುವುದು, ಒಬ್ಬರಿಲ್ಲದೆ ಇನ್ನೊಬ್ಬರಿಗೆ ಪಾಠ ಪೂರ್ತಿಯಾಗದ ಹಾಗೆ ಮಾಡುವುದು. ಅದಕ್ಕೆ ಜಿಗ್ಸಾ ಪದ್ಧತಿ ಅಂತ ಹೆಸರು. ಅಕ್ಕೋರು ಅದನ್ನು ಎಲ್ಲಿ ಕಲಿತರು ಅಂತ ಫೋನಿನಲ್ಲಿ ಕೇಳಿದೆ. "ಎಲ್ಲೂ ಇಲ್ಲಪ್ಪ, ನೀವು ಒಬ್ಬರ ಮುಖ ಒಬ್ಬರು ನೋಡ್ತಿದ್ದಿಲ್ಲ, ಅದಕ್ಕ ಮಾಡಿದೆ" ಅಂದರು.

ಅದೇ ವರ್ಷ ಬಿಸಿಯೂಟ ಬಂತು. ಅಕ್ಷರ ದಾಸೋಹ ಮೊದಲು ಶುರುವಾದದ್ದು ನಮ್ಮ ಕಡೆಯ ಜಿಲ್ಲೆಗಳಲ್ಲಿ, ರಾಯಚೂರು, ಕೊಪ್ಪಳ, ಬಳ್ಳಾರಿ ಎಲ್ಲಾ ಅದರಲ್ಲಿದ್ದವು. ಊಟಕ್ಕೆ ಕೂರುವಾಗ ಮಕ್ಕಳು ತಾವಾಗಿ ಬೇರೆ ಬೇರೆ ಸಾಲು ಮಾಡಿಕೊಳ್ಳುತ್ತಿದ್ದರು. ಆ ಮಾತು ಬರೆಯಲು ಕಷ್ಟ ಆಗುತ್ತದೆ, ಆದರೆ ಬರೆಯದೆ ಬಿಡುವುದು ಸರಿಯಲ್ಲ. ಅಕ್ಕೋರು ಹಾಜರಿ ಪುಸ್ತಕದ ಕ್ರಮದಲ್ಲೇ ಕೂರಿಸಿದರು, ಬಡಿಸುವ ಪಾಳಿಯನ್ನೂ ಅದೇ ಕ್ರಮದಲ್ಲಿ ಹಾಕಿದರು. ಎಲ್ಲರ ತಟ್ಟೆಗೆ ಬೀಳುವ ತನಕ ಯಾರೂ ಕೈ ಹಾಕುವಂತಿಲ್ಲ. ಊರಿನ ಕೆಲವರು ಬಂದು ಕೂಗಾಡಿದರು. ಅವರನ್ನೂ ಅಕ್ಕೋರು ನಮ್ಮ ಸಾಲಿನಲ್ಲೇ ಕೂರಿಸಿ, ಊಟ ಮಾಡಿಸಿ ಕಳಿಸಿದರು. ಎಲ್ಲರೂ ಬದಲಾದರು ಅಂತ ಹೇಳಲಾರೆ. ಸಾಲು ಮಾತ್ರ ಬದಲಾಗಲಿಲ್ಲ.

ಗುಳೆ ಹೋಗಿ ಬಂದ ಮಕ್ಕಳ ವಿಷಯ ಹೇಳದಿದ್ದರೆ ಈ ಬರಹ ಪೂರ್ತಿಯಾಗುವುದಿಲ್ಲ. ಸುಗ್ಗಿ ಮುಗಿದ ಮೇಲೆ ಒಣ ಹೊಲದವರು ಬೆಂಗಳೂರು ಕಡೆ ದುಡಿಯಲು ಹೋಗುತ್ತಿದ್ದರು, ಮಕ್ಕಳೂ ಜೊತೆಗೆ. ತಿಂಗಳುಗಟ್ಟಲೆ ಬಿಟ್ಟು ವಾಪಸ್ ಬಂದ ಮಗುವಿಗೆ ಪಾಠ ಹಿಂದೆ ಬಿದ್ದಿರುತ್ತದೆ, ಗೆಳೆಯರು ಬೇರೆ ಗುಂಪು ಕಟ್ಟಿಕೊಂಡಿರುತ್ತಾರೆ. ನಾಲ್ಕು ದಿನ ಮೂಲೆಯಲ್ಲಿ ಕೂತು ಐದನೇ ದಿನ ದನ ಕಾಯಲು ಹೋಗಿಬಿಡುತ್ತದೆ. ಅಕ್ಕೋರು ಅಂಥ ಮಗುವಿಗೆ ಒಬ್ಬ ಜೊತೆಗಾರನನ್ನು ಕೊಡುತ್ತಿದ್ದರು. ಬಿಟ್ಟುಹೋದ ಪಾಠ ತೋರಿಸುವುದು, ಆಟಕ್ಕೆ ಕರೆದುಕೊಂಡು ಹೋಗುವುದು ಅವನ ಜವಾಬ್ದಾರಿ. ಹೇಗೆ ಕರೆಯಬೇಕು ಅನ್ನೋದನ್ನೂ ಮುಂದೆ ನಿಲ್ಲಿಸಿ ಮಾಡಿ ತೋರಿಸುತ್ತಿದ್ದರು. "ಬಾ, ನಮ್ಮ ಕಡೆ ಒಬ್ಬ ಕಮ್ಮಿ ಅದಾನ" ಅನ್ನಬೇಕು, ಆಡ್ತೀಯೇನು ಅಂತ ಕೇಳಿ ಬಿಡಬಾರದು. ಬಂದ ಮಗುವಿನಿಂದಲೂ ಪಾಠ ಮಾಡಿಸುತ್ತಿದ್ದರು. ಒಬ್ಬ ಹುಡುಗ ತಾನು ಇದ್ದ ಕಟ್ಟಡದ ಮಹಡಿಗಳನ್ನು ಹಲಗೆ ಮೇಲೆ ಬರೆದು, ಮಹಡಿಗೆ ಇಷ್ಟು ಕಿಟಕಿ ಅಂತ ಗುಣಾಕಾರ ಹೇಳಿಕೊಟ್ಟ. ಅವನು ಈಗ ಸಿಂಧನೂರಿನಲ್ಲಿ ಮನೆ ಕಟ್ಟಿಸುವ ಮೇಸ್ತ್ರಿ.

ಮಕ್ಕಳನ್ನು ಬರೇ ಆಡಿಸ್ತಾರ, ಓದಸಂಗಿಲ್ಲ ಅಂತ ಆಗ ಪಾಲಕರು ಅಕ್ಕೋರ ಮೇಲೆ ದೂರುತ್ತಿದ್ದರು. ನನಗೂ ಇವತ್ತು ಅದೇ ದೂರು ಬರುತ್ತದೆ. ಅವರಿಗೆ ನಾನು ಒಂದು ಅಧ್ಯಯನದ ಲೆಕ್ಕ ಹೇಳುತ್ತೇನೆ. ಇನ್ನೊಬ್ಬರ ಮಾತು ಕೇಳುವ, ಜೊತೆಗೂಡಿ ನಡೆಯುವ ಇಂಥ ಕೌಶಲಗಳನ್ನು ಮಕ್ಕಳಿಗೆ ಕಲಿಸಿದ 213 ಕಾರ್ಯಕ್ರಮಗಳನ್ನು, 2 ಲಕ್ಷ 70 ಸಾವಿರ ವಿದ್ಯಾರ್ಥಿಗಳನ್ನು ಒಟ್ಟಿಗೆ ನೋಡಿದ ವರದಿ 2011ರಲ್ಲಿ ಬಂತು, ಹೆಚ್ಚಿನವು ಅಮೆರಿಕದ ಶಾಲೆಗಳು. ಆ ಮಕ್ಕಳ ಓದು ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ನೂರು ಮಕ್ಕಳ ಸಾಲಿನಲ್ಲಿ ನಡುವೆ ಇರುವ ಮಗು 11 ಸ್ಥಾನ ಮುಂದೆ ಬಂದಷ್ಟು. ನಮ್ಮಲ್ಲಿ ಈಗ ತಿಂಗಳಿಗೊಂದು ದಿನ ಬ್ಯಾಗಿಲ್ಲದೆ ಬರುವ ಸಂಭ್ರಮ ಶನಿವಾರ ಇದೆ. ಒಳ್ಳೆಯದೇ. ಆದರೆ ಆ ಒಂದು ಶನಿವಾರಕ್ಕೆ ಎಲ್ಲಾ ಬಿಟ್ಟರೆ ಸಾಲದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮಗ್ಗಿಯ ಹಾಗೆ ಇದನ್ನೂ ದಿನಾ ಮಾಡಿಸಬೇಕು, ಭಾಗಾಕಾರ ಮಾಡುವಾಗಲೇ ಮಾಡಿಸಬೇಕು.

ನಮ್ಮೂರ ಶಾಲೆಯ ಹೆಡ್ ಮಾಸ್ತರಲ್ಲಿ ನನ್ನದೊಂದು ಕೋರಿಕೆ. ಈ ಸಲದ ವಾರ್ಷಿಕೋತ್ಸವಕ್ಕೆ ಅಕ್ಕೋರನ್ನು ಕರೆಸಿದರೆ ಶಾಲು ಹೊದಿಸಿ, ಎರಡು ಮಾತು ಆಡಿಸಿ ಕಳಿಸಬೇಡಿ. ಬೆಳಿಗ್ಗೆ ಮೂರನೇ ತರಗತಿಗೆ ಒಂದು ಪಾಠ ಮಾಡಿಸಿ, ಈಗಿನ ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳಾದ ನಾವೂ ಹಿಂದೆ ಕೂತು ನೋಡುತ್ತೇವೆ. ಅವರನ್ನು ಕರೆತರುವ ಗಾಡಿ ನಮ್ಮ ಮೇಸ್ತ್ರಿ ಗೆಳೆಯ ತರುತ್ತಾನೆ, ಚೀಟಿ ಬರೆಯುವ ಕೆಲಸ ನನಗೆ ಬಿಡಿ.