ಉಚಿತ ನಿಯಮ, ದುಡ್ಡಿನ ಸಾಹಸ

ಭಾನುವಾರ ಸಂಜೆ ಕಲಬುರಗಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಐದು ಮಂದಿ ಕೂಡಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ; ಒಬ್ಬರು ಕಥೆ ನಡೆಸಿದರೆ ಉಳಿದವರು ಅದರೊಳಗಿನ ಪಾತ್ರಗಳಾಗಿ ಆಡುವ ಆಟವಿದು. ಆಟ ನಡೆಸುವ ಹೊಣೆ ನನ್ನದಾದುದರಿಂದ, ಯಾವ ಪೂರಕ ಪುಸ್ತಕಕ್ಕೆ ಹಣ ಕೊಡಬೇಕೆಂಬ ಲೆಕ್ಕವೂ ನನ್ನದೇ. ನಿಯಮಗಳ ಮಟ್ಟಿಗೆ ಆ ಅಗತ್ಯ ಬಹುಪಾಲು ಇಲ್ಲ. 2023ರ ಜನವರಿಯಲ್ಲಿ ಐದನೆಯ ಆವೃತ್ತಿಯ ಮೂಲ ನಿಯಮಗಳ ದಾಖಲೆಯಾದ ಎಸ್‌ಆರ್‌ಡಿ 5.1, ಕೃತಿಯ ಮರುಬಳಕೆಗೆ ಎಲ್ಲರಿಗೂ ಅನುಮತಿ ಕೊಡುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆಯಾದ ಮೇಲೆ, ಮೂಲವನ್ನೂ ಪರವಾನಗಿಯನ್ನೂ ಹೆಸರಿಸಿ ಯಾರು ಬೇಕಾದರೂ ಅದನ್ನು ಹಂಚಬಹುದು, ಕನ್ನಡಕ್ಕೆ ತಂದು ಮಾರಲೂಬಹುದು. ನಾನಂತೂ ಆಟದ ಪಾತ್ರಗಳು ಬಳಸುವ ಮಾಯಾಮಂತ್ರಗಳ ಪುಟಗಳನ್ನಷ್ಟೇ ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ, ಸ್ಪೈರಲ್ ಬೈಂಡಿಂಗ್ ಮಾಡಿಸಿಟ್ಟಿದ್ದೇನೆ.

ಆಟದಲ್ಲಿ ನಡೆಸಲೆಂದೇ ನಕ್ಷೆಗಳೊಂದಿಗೆ ಬರೆದಿಟ್ಟ ಸಿದ್ಧ ಸಾಹಸಕಥೆಗಳ ಮಾತು ಬೇರೆ. ಒಮ್ಮೆ ಪುಕ್ಕಟೆಯಾಗಿ ಇಳಿಸಿಕೊಂಡ ಕಥೆಯೊಂದರ ನಕ್ಷೆಯಲ್ಲಿದ್ದ ಬಾಗಿಲಿಗೆ ವಿವರಣೆಯೇ ಇರಲಿಲ್ಲ. ಗೆಳೆಯರು ಅರ್ಧ ಗಂಟೆ ಅದರ ಮುಂದೆಯೇ ಕುಳಿತರು. ಬೆಲೆ ತೆತ್ತಾಗ ಸಂಪಾದಕರ ಕಣ್ಣು, ಮೊದಲೇ ಆಡಿ ತಪ್ಪು ಹಿಡಿದವರ ಶ್ರಮ ಜೊತೆಗೆ ಬರುವ ಸಾಧ್ಯತೆ ಹೆಚ್ಚು ಎಂಬುದು ನನ್ನ ಅನುಭವ, ಎಲ್ಲ ಪುಸ್ತಕಗಳಿಗೂ ಅದು ನಿಜವಲ್ಲದಿದ್ದರೂ.

ನಕ್ಷೆಗಳಿಗೆ ಮಾತ್ರ ನಾನು ಕಾಸು ಬಿಚ್ಚುವುದಿಲ್ಲ. ನಮ್ಮೂರ ಬಹಮನಿ ಕೋಟೆಯ ಜೋಡಿ ಗೋಡೆ, ಕಂದಕ, ಬುರುಜುಗಳನ್ನು ಚೌಕುಳಿ ಹಾಳೆಯ ಮೇಲೆ ಬಿಡಿಸಿಕೊಂಡು ಮೂರು ತಿಂಗಳ ಆಟ ನಡೆಸಿದ್ದೇನೆ.