ಮೂಡ್ ಬರ್ಲಿ ಅಂತ ಕಾದಿದ್ರೆ ಕರ್ಣ ಇನ್ನೂ ಡಬ್ಬದಲ್ಲೇ ಇರ್ತಿದ್ದ

ಆರು ಇಂಚಿನ ಒಂದು ಆಕ್ಷನ್ ಫಿಗರ್ ತಗೊಂಡು ಅದನ್ನ ಬಡಗುತಿಟ್ಟು ಯಕ್ಷಗಾನದ ಕರ್ಣನ ವೇಷ ಮಾಡ್ಬೇಕು ಅಂತ ನಾನು ಕೂತಿದ್ದು 2025ರ ಮೇ ತಿಂಗಳಲ್ಲಿ. ಮುಗಿದಿದ್ದು ಸೆಪ್ಟೆಂಬರ್ 21ರ ರಾತ್ರಿ, ನವರಾತ್ರಿ ಶುರುವಾಗೋ ಹಿಂದಿನ ದಿನ. ಮಧ್ಯದಲ್ಲಿ ಐದು ವಾರ ಅದು ಶೂ ಡಬ್ಬದೊಳಗೆ ಬಿದ್ದಿತ್ತು, ಮುಚ್ಚಳ ತೆಗೆಯೋಕೂ ಮನಸ್ಸಾಗ್ತಿರ್ಲಿಲ್ಲ. ಆ ಐದು ವಾರದ ಬಗ್ಗೆನೇ ಬರೀಬೇಕು ಅನ್ನಿಸ್ತು, ಯಾಕಂದ್ರೆ ನಮ್ ತರ ಮನೆಯಲ್ಲಿ ಫಿಗರ್ ಪೇಂಟ್ ಮಾಡೋರು ಸಿಕ್ಕಿದ್ರೆ ಯಾವ ಪ್ರೈಮರ್, ಯಾವ ಬ್ರಷ್, ಪೇಂಟಿಗೆ ಎಷ್ಟು ನೀರು ಅಂತ ಗಂಟೆಗಟ್ಲೆ ಮಾತಾಡ್ತೀವಿ, ಕೈ ನಿಂತು ಹೋದಾಗ ಏನ್ ಮಾಡಿದ್ರಿ ಅಂತ ಯಾರೂ ಯಾರನ್ನೂ ಕೇಳಲ್ಲ.

ನಮ್ಮೂರು ಹೊನ್ನಾವರ ಕಡೆ. ಚಿಕ್ಕವನಿದ್ದಾಗ ಯಕ್ಷಗಾನದ ಆಟ ನೋಡೋಕೆ ಹೋದ್ರೆ ನನಗೆ ರಂಗಸ್ಥಳಕ್ಕಿಂತ ಚೌಕಿಮನೆ ಇಷ್ಟ, ಅಲ್ಲಿ ಕಲಾವಿದರು ಒಂದೊಂದು ಕನ್ನಡಿ ಇಟ್ಕೊಂಡು ತಮ್ಮ ಮುಖಕ್ಕೆ ತಾವೇ ಬಣ್ಣ ಬರ್ಕೊಳೋದನ್ನ ನೋಡ್ತಾ ನಿದ್ದೆನೇ ಬರ್ತಿರ್ಲಿಲ್ಲ. ಈಗ ಬೆಂಗಳೂರಲ್ಲಿ ಬಾಡಿಗೆ ಮನೆ, ಬಾಲ್ಕನಿ ಪಕ್ಕ ಒಂದು ಸಣ್ಣ ಟೇಬಲ್, ಅದೇ ನನ್ನ ಚೌಕಿಮನೆ. ಸೆಕೆಂಡ್ ಹ್ಯಾಂಡಲ್ಲಿ ಸಿಕ್ಕ ಒಂದು ಫಿಗರಿನ ಮೈಕಟ್ಟು ಚೆನ್ನಾಗಿತ್ತು, ಒಂದು ಕೈ ಮಾತ್ರ ಮುರಿದಿತ್ತು, ಹೇಗಿದ್ರೂ ತೋಳಿಗೆಲ್ಲ ಆಭರಣ ಬರತ್ತಲ್ಲ ಅಂತ ತಗೊಂಡೆ.

ಆರು ಇಂಚಿನ ಫಿಗರ್ ಅಂದ್ರೆ 1/12 ಸ್ಕೇಲು. ಇದರಲ್ಲಿ ಲೆಕ್ಕ ತುಂಬಾ ಸುಲಭ, ನಿಜವಾದ ಒಂದು ಅಡಿ ಇಲ್ಲಿ ಒಂದು ಇಂಚು. ಒಂದೂವರೆ ಅಡಿ ಎತ್ತರದ ಮುಂಡಾಸು ಬೇಕು ಅಂದ್ರೆ ಒಂದೂವರೆ ಇಂಚಿಗೆ ಕಟ್ಟಿದ್ರೆ ಆಯ್ತು. ಮುಂಡಾಸಿಗೆ ಒಳಗೆ ತಂತಿ ಸುತ್ತಿ ಮೇಲೆ ಎಂ-ಸೀಲ್ ಎಪಾಕ್ಸಿ ಪುಟ್ಟಿ ಹಾಕಿದೆ, ಎರಡೂ ಭಾಗ ಸಮ ಸಮ ತಗೊಂಡು ಒಂದೇ ಬಣ್ಣ ಬರೋವರೆಗೂ ನಾದಿ, ಬೆರಳು ಒದ್ದೆ ಮಾಡ್ಕೊಂಡು ತಿದ್ದುತ್ತಾ ಹೋಗೋದು, ಗಟ್ಟಿಯಾಗೋಕೆ ಮುಂಚೆ ಬೇಗ ಬೇಗ ಮಾಡ್ಬೇಕು (ಕೈಗೆ ಗ್ಲೌಸ್ ಹಾಕ್ಕೊಳಿ, ಎಪಾಕ್ಸಿ ಚರ್ಮಕ್ಕೆ ಒಳ್ಳೇದಲ್ಲ). ಭುಜದ ಮೇಲಿನ ಆಭರಣ, ಅಂದ್ರೆ ಭುಜಕೀರ್ತಿಗೆ ಹಳೇ ಎಟಿಎಂ ಕಾರ್ಡ್ ಕತ್ತರಿಸಿದೆ. ನಿಜವಾದ ಭುಜಕೀರ್ತಿ ಹಗುರ ಮರದ್ದು, ಆ ದಪ್ಪಕ್ಕೆ ಈ ಸ್ಕೇಲಲ್ಲಿ ಕಾರ್ಡಿನ ದಪ್ಪ ಸರಿಯಾಗಿ ಕೂರತ್ತೆ. ಈ ಹಂತದಲ್ಲಿ ಉತ್ಸಾಹ ಎಲ್ಲಿಂದ ತರೋದು ಅನ್ನೋ ಪ್ರಶ್ನೆನೇ ಇರ್ಲಿಲ್ಲ, ಆಫೀಸ್ ಮೀಟಿಂಗಲ್ಲಿ ಕೂತು ನೋಟ್‌ಪ್ಯಾಡ್ ಮೇಲೆ ಎದೆಕಟ್ಟಿನ ಡಿಸೈನ್ ಗೀಚ್ತಿದ್ದೆ, ರಾತ್ರಿ ಒಂದಾದ್ರೂ ಏಳ್ತಿರ್ಲಿಲ್ಲ.

ಆಮೇಲೆ ಪ್ರೈಮರ್ ಬಿತ್ತು, ಬೇಸ್ ಕೋಟ್ ಬಿತ್ತು, ಅಲ್ಲಿ ಶುರುವಾಯ್ತು ಕಷ್ಟ. ಫಿಗರ್ ಪೇಂಟ್ ಮಾಡೋರಿಗೆಲ್ಲ ಈ ಹಂತ ಗೊತ್ತಿರತ್ತೆ. ಮುಖ ಒಂದೇ ಚಪ್ಪಟೆ ಹಳದಿ, ವೇಷಕ್ಕೆ ಕಚ್ಚೆ ಹಾಕಿ ಉಡಿಸೋ ಸೀರೆ ಒಂದೇ ಚಪ್ಪಟೆ ಕೆಂಪು, ನೆರಳಿಲ್ಲ, ಹೊಳಪಿಲ್ಲ, ಕಣ್ಣಿಲ್ಲ. ಮೊದಲಿದ್ದ ಪ್ಲಾಸ್ಟಿಕ್ಕೇ ಇದಕ್ಕಿಂತ ಚೆನ್ನಾಗಿತ್ತು ಅನ್ನಿಸತ್ತೆ. ಸಾರಣೆ ಮುಗಿದು ಬಣ್ಣ ಕಾಣದ ಮನೆ ಹೇಗಿರತ್ತೋ ಹಾಗೆ, ಕಟ್ಟಿಸ್ತಿರೋರಿಗೆ ಮಾತ್ರ ಅದು ಮನೆ ಅಂತ ಗೊತ್ತು. ನನ್ನ ಅನುಭವದಲ್ಲಿ ಜಾಸ್ತಿ ಫಿಗರ್‌ಗಳು ನಿಂತು ಹೋಗೋದು ಇಲ್ಲೇ. ನನ್ನ ಹತ್ರ ಅರ್ಧಕ್ಕೆ ಬಿಟ್ಟಿರೋ ಬೇರೆ ನಾಲ್ಕಿದಾವೆ, ನಾಲ್ಕೂ ಬೇಸ್ ಕೋಟ್ ಆಗಿ ನಿಂತಿರೋವೇ.

ಹೇಗೋ ಇದನ್ನ ದಾಟಿ ಮುಖ, ಎದೆಕಟ್ಟು, ತೋಳು ಎಲ್ಲ ಜುಲೈ ಹೊತ್ತಿಗೆ ಒಂದು ಹದಕ್ಕೆ ತಂದಿದ್ದೆ. ಮುಖದ ಬಣ್ಣಕ್ಕೆ ಹಿಂದೆ ಕಲಾವಿದರು ಬಳಸ್ತಿದ್ದ ಅರದಾಳ, ಇಂಗಳೀಕದ ಆ ಹಳದಿಗೆಂಪು ಬರ್ಬೇಕು ಅಂತ ಅಕ್ರಿಲಿಕ್ಕಲ್ಲಿ ಮಿಕ್ಸ್ ಮಾಡಿ ಮಾಡಿ ಒಂದು ವಾರ ಅದಕ್ಕೇ ಹೋಗಿತ್ತು. ಮಾಡಿದ್ದು ಅಳಿಸಿ ಹೋಗ್ದೆ ಇರ್ಲಿ ಅಂತ ಒಂದು ಸಂಜೆ ಬಾಲ್ಕನಿಯಲ್ಲಿ ಮ್ಯಾಟ್ (ಹೊಳಪಿಲ್ಲದ) ವಾರ್ನಿಶ್ ಸ್ಪ್ರೇ ಹೊಡೆದೆ. ಹೊರಗೆ ಜಿಟಿಜಿಟಿ ಮಳೆ. ಹತ್ತು ನಿಮಿಷ ಬಿಟ್ಟು ಬಂದು ನೋಡಿದ್ರೆ ಕರ್ಣನ ಮುಖದ ತುಂಬಾ ಬೂದಿ ಬಳಿದ ಹಾಗೆ ಬಿಳಿ. ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಸ್ಪ್ರೇ ಹೊಡೆದ್ರೆ ಮೇಲ್ಪದರ ಹೀಗೆ ಮಂಜು ಕಟ್ಟತ್ತೆ, ಇದು ನನಗೆ ಓದಿ ಗೊತ್ತಿದ್ದ ವಿಷಯನೇ, ಆದ್ರೂ ಮುಗಿಸೋ ಆತುರ. ಎರಡು ತಿಂಗಳ ಕೆಲಸ ಹೋಯ್ತು ಅಂತ ಅವತ್ತು ರಾತ್ರಿ ಊಟನೂ ಸೇರ್ಲಿಲ್ಲ. ಶೂ ಡಬ್ಬಕ್ಕೆ ಹಾಕಿ ಬೀರು ಮೇಲೆ ಇಟ್ಟೆ.

ಆ ಐದು ವಾರದಲ್ಲಿ ನಾನು ಸುಮ್ನೆ ಇದ್ದೆ ಅಂತಲ್ಲ. ದಿನಾ ರಾತ್ರಿ ಮೊಬೈಲಲ್ಲಿ ಬೇರೆಯವರ ಪೇಂಟಿಂಗ್ ವಿಡಿಯೋ ನೋಡ್ತಿದ್ದೆ, ಏರ್‌ಬ್ರಷ್ ರೇಟ್ ನೋಡ್ತಿದ್ದೆ, ಹೊಸ ಪೇಂಟ್ ಸೆಟ್ ಆರ್ಡರ್ ಕೂಡ ಮಾಡಿದೆ, ಇದೆಲ್ಲಾ ಮಾಡಿದ್ರೆ ಹುಮ್ಮಸ್ಸು ವಾಪಸ್ ಬರತ್ತೆ ಅಂದ್ಕೊಂಡಿದ್ದೆ. ಬರ್ಲಿಲ್ಲ. ನೋಡಿದಷ್ಟೂ ನನ್ನ ಕೈ ಇನ್ನೂ ಭಾರ ಆಯ್ತು. ಮೂಡ್ ಬಂದ್ಮೇಲೆ ಕೂರೋಣ ಅನ್ನೋದು ಎಷ್ಟು ತಿಂಗಳು ಬೇಕಾದ್ರೂ ಎಳೆಯತ್ತೆ.

ಆಗಸ್ಟ್ 27ಕ್ಕೆ ಚೌತಿ, ಅದಕ್ಕೆ ಎರಡು ದಿನ ಮುಂಚೆ ಊರಿಗೆ ಹೋದ್ವಿ. ನಮ್ಮ ಕಡೆ ಗಣಪತಿ ಕೂರಿಸೋ ಮಣೆನ ಮೊದಲೇ ಗುಡಿಗಾರರ ಮನೆಗೆ ಕೊಟ್ಟು ಬಂದಿರ್ತಾರೆ, ಅದೇ ಮಣೆ ಮೇಲೆ ಅವರು ಮೂರ್ತಿ ಮಾಡಿಟ್ಟಿರ್ತಾರೆ. ಹೇಗಾಗಿದೆ ನೋಡ್ಕೊಂಡು ಬಾ ಅಂತ ಆಯಿ ಕಳಿಸಿದ್ರು. ಹೋದ್ರೆ ಜಗಲಿ ತುಂಬಾ ಗಣಪತಿ, ಸಣ್ಣದು ದೊಡ್ಡದು ಸೇರಿ ನಲವತ್ತಾದ್ರೂ ಇದ್ವು, ಒಂದೂ ಮುಗಿದಿಲ್ಲ. ಹಿರಿಯರು ಒಂದು ಬಟ್ಟಲು ಹಳದಿ ಹಿಡ್ಕೊಂಡು ಎಲ್ಲಾ ಗಣಪತಿಗೂ ಬರೀ ಪೀತಾಂಬರ ಬಳೀತಾ ಹೋಗ್ತಿದ್ರು, ಒಂದು ಮುಗಿಸಿ ಇನ್ನೊಂದು ಅಂತಲ್ಲ, ಒಂದು ಬಣ್ಣ ಮುಗಿಸಿ ಇನ್ನೊಂದು ಬಣ್ಣ. ಕಣ್ಣು ಯಾವುದಕ್ಕೂ ಬರೆದಿರ್ಲಿಲ್ಲ. ನಾನು ನೋಡ್ತಾ ನಿಂತು ಕೇಳೇಬಿಟ್ಟೆ, ಹೀಗೆ ಎಲ್ಲಾ ಅರ್ಧಂಬರ್ಧ ಇದ್ದಾಗ ನಿಮಗೆ ಬೇಜಾರು ಬರಲ್ವಾ ಅಂತ. ಅವರು ಬ್ರಷ್ ನಿಲ್ಲಿಸ್ದೆ ಹೇಳಿದ್ರು, "ಬಂದ್ರೂ ಚೌತಿ ಮುಂದೆ ಹೋಗೂದಿಲ್ವಲ ತಮಾ."

ಬೆಂಗಳೂರಿಗೆ ಬಂದ ಮಾರನೇ ದಿನ ಡಬ್ಬ ತೆಗೆದೆ. ನನ್ನ ಹೆಂಡತಿ ಮೈಸೂರಿನವಳು, ಅವರ ಮನೆಯಲ್ಲಿ ಪಟ್ಟದ ಗೊಂಬೆ ಇಟ್ಟು ಪ್ರತಿ ದಸರಾಗೂ ಗೊಂಬೆ ಕೂರಿಸ್ತಾರೆ, ಈ ವರ್ಷ ನಮ್ಮನೆಯಲ್ಲೇ ಐದು ಮೆಟ್ಟಿಲು ಮಾಡೋದು ಅಂತ ಇತ್ತು. "ಮೂರನೇ ಮೆಟ್ಟಿಲಲ್ಲಿ ಬಲಗಡೆ ಜಾಗ ಖಾಲಿ ಬಿಡ್ತೀನಿ, ನಿನ್ ಕರ್ಣ ಬಂದ್ರೆ ಅಲ್ಲಿ, ಬರ್ಲಿಲ್ಲ ಅಂದ್ರೆ ಖಾಲಿನೇ ಇರ್ಲಿ" ಅಂದ್ಲು. ಸೆಪ್ಟೆಂಬರ್ 22 ನವರಾತ್ರಿ. ಆ ಖಾಲಿ ಜಾಗ ಕಣ್ಣಿಗೆ ಕಟ್ಟಿದ ಹಾಗೆ ಆಗೋಯ್ತು ನನಗೆ.

ಮೊದಲು ಮಂಜು ಕಟ್ಟಿದ್ದು ಸರಿ ಮಾಡ್ಬೇಕಿತ್ತು. ಸ್ಪ್ರೇ ಅಲ್ಲದ ಗ್ಲಾಸಿ (ಹೊಳಪಿನ) ವಾರ್ನಿಶ್ ತೆಳ್ಳಗೆ ಬ್ರಷ್ಷಲ್ಲಿ ಹಚ್ಚಿದೆ, ಮೊದಲು ಬೆನ್ನಿನ ಹತ್ರ ಕಾಣದ ಜಾಗದಲ್ಲಿ ಟೆಸ್ಟ್ ಮಾಡಿ. ಮೇಲ್ಪದರದ ತರಿತರಿ ತುಂಬ್ಕೊಂಡು ಕೆಳಗಿನ ಬಣ್ಣ ಮುಕ್ಕಾಲು ಪಾಲು ವಾಪಸ್ ಬಂತು! ಹೋಯ್ತು ಅಂದ್ಕೊಂಡು ಐದು ವಾರ ಅತ್ತಿದ್ದು ಅರ್ಧ ಗಂಟೆಯಲ್ಲಿ ಸರಿ ಹೋಗೋ ವಿಷಯ ಆಗಿತ್ತು. ಗಲ್ಲದ ಹತ್ರ ಮಾತ್ರ ಮತ್ತೆ ಬಣ್ಣ ಕೊಟ್ಟೆ.

ಆಮೇಲೆ ಸೀರೆ. ಕಸೆ ಸೀರೆಯ ಕೆಂಪು ಕಪ್ಪು ಚೌಕುಳಿ ಬರೀಬೇಕು, ನಿಜದಲ್ಲಿ ಅರ್ಧ ಇಂಚಿನ ಚೌಕ ಅಂದ್ರೂ ಇಲ್ಲಿ ಒಂದು ಮಿಲಿಮೀಟರ್. ಅದೂ ಸಪಾಟು ಜಾಗದ ಮೇಲಲ್ಲ, ನೆರಿಗೆ ಮೇಲೆ, ಗೆರೆ ನೆರಿಗೆ ಜೊತೆ ಒಳಗೆ ಇಳಿದು ಹೊರಗೆ ಬರ್ಬೇಕು. ಮೊದಲಾಗಿದ್ರೆ ಭಾನುವಾರ ಇಡೀ ದಿನ ಕೂತು ಮುಗಿಸ್ತೀನಿ ಅಂತ ಹಟ ಹಿಡಿದು, ಮೂರು ಗಂಟೆಗೆ ಕಣ್ಣು ಉರಿ ಬಂದು, ಗೆರೆ ಸೊಟ್ಟಗಾಗಿ ಬಿಟ್ಟು ಎದ್ದಿರ್ತಿದ್ದೆ. ಈ ಸಲ ನೆರಿಗೆ ಎಣಿಸಿದೆ, ಹದಿನಾಲ್ಕಿತ್ತು. ದಿನಕ್ಕೆ ಒಂದೇ ನೆರಿಗೆ. ಊಟ ಆದ್ಮೇಲೆ ಇಪ್ಪತ್ತು ಇಪ್ಪತ್ತೈದು ನಿಮಿಷ, ಕೈ ಚೆನ್ನಾಗಿ ಓಡ್ತಾ ಇದ್ರೂ ಎರಡನೇದು ಮುಟ್ಟಲ್ಲ. ಇದೇ ನನಗೆ ಎಲ್ಲಕ್ಕಿಂತ ಕೆಲಸ ಮಾಡಿದ್ದು, ಇನ್ನೂ ಮಾಡ್ಬೇಕು ಅನ್ನಿಸ್ತಿರೋವಾಗ್ಲೇ ನಿಲ್ಲಿಸಿದ್ರೆ ಮಾರನೇ ದಿನ ಆಫೀಸಿಂದ ಬರ್ತಾ ದಾರಿಯಲ್ಲೇ ಕೈ ತುಡಿಯೋಕೆ ಶುರು.

ಟೇಬಲ್ ಎತ್ತಿಡೋದನ್ನೂ ಬಿಟ್ಟೆ. ಮೊದಲು ದಿನಾ ಪೇಂಟ್, ಬ್ರಷ್ ಎಲ್ಲಾ ತೆಗೆದು ಡ್ರಾಯರಿಗೆ ಹಾಕ್ತಿದ್ದೆ, ಮತ್ತೆ ಹರಡೋಕೇ ಹದಿನೈದು ನಿಮಿಷ, ಅಷ್ಟರಲ್ಲಿ ಮನಸ್ಸು ತಣ್ಣಗಾಗ್ತಿತ್ತು. ಈಗ ಸ್ಟೀಲ್ ಟಿಫನ್ ಡಬ್ಬಿಯಲ್ಲಿ ಒದ್ದೆ ಸ್ಪಂಜು, ಅದರ ಮೇಲೆ ಬಟರ್ ಪೇಪರ್, ಅದರ ಮೇಲೆ ಬಣ್ಣ. ಮುಚ್ಚಳ ಹಾಕಿದ್ರೆ ನಿನ್ನೆ ಕಲಸಿದ ಕೆಂಪು ಇವತ್ತೂ ಮಜ್ಜಿಗೆ ಹದದಲ್ಲೇ ಇರತ್ತೆ, ಅದೇ ಶೇಡ್ ಮತ್ತೆ ಹುಡುಕೋ ತಲೆನೋವಿಲ್ಲ (ಮಳೆಗಾಲದಲ್ಲಿ ನಾಲ್ಕು ದಿನಕ್ಕೊಂದ್ಸಲ ಸ್ಪಂಜು ತೊಳೀರಿ, ಇಲ್ಲಾಂದ್ರೆ ಬೂಷ್ಟು ಬರತ್ತೆ). ಕರ್ಣ ಟೇಬಲ್ ಮೇಲೇ ನಿಂತಿರ್ತಿದ್ದ, ಕಾಫಿ ಕುಡಿಯೋವಾಗ, ಫೋನಲ್ಲಿ ಮಾತಾಡೋವಾಗ ಕಣ್ಣಿಗೆ ಬೀಳ್ತಿದ್ದ. ಇನ್ನೊಂದು, ಫೋಟೋ ತೆಗೆದು ಝೂಮ್ ಮಾಡಿ ನೋಡೋದು ನಿಲ್ಲಿಸಿದೆ. ಫೋನ್ ಕ್ಯಾಮೆರಾ ಒಂದು ಮಿಲಿಮೀಟರ್ ಗೆರೆನ ಅಂಗೈ ಅಗಲ ಮಾಡಿ ತೋರಿಸತ್ತೆ, ಅಷ್ಟು ಹತ್ರದಿಂದ ನೋಡೋರು ಯಾರೂ ಇಲ್ಲ, ಗೊಂಬೆ ನೋಡೋದು ಒಂದು ಕೈ ದೂರದಿಂದ.

ಸೆಪ್ಟೆಂಬರ್ 12ಕ್ಕೆ ಹದಿನಾಲ್ಕನೇ ನೆರಿಗೆ. ಮುಂಡಾಸಿನ ಜರಿ ಪಟ್ಟಿಗೆ ಒಂದು ವಾರ. ಕೊನೆಗೆ ಕಣ್ಣು. ಬಿಳಿ ಇಟ್ಟು ಮಧ್ಯದಲ್ಲಿ ಕಪ್ಪು ಚುಕ್ಕೆ ಇಟ್ರೆ ಬೆಚ್ಚಿ ಬಿದ್ದ ಹಾಗೆ ಕಾಣತ್ತೆ, ಕಪ್ಪು ಮೇಲಿನ ರೆಪ್ಪೆಗೂ ಕೆಳಗಿನ ರೆಪ್ಪೆಗೂ ತಾಗ್ಬೇಕು, ಆಗ ನೋಟ ಬರತ್ತೆ. ಮೊಣಕೈ ಎರಡೂ ಟೇಬಲ್ಲಿಗೆ ಊರಿ, ಉಸಿರು ಬಿಟ್ಟು ನಿಲ್ಲಿಸಿದ ಆ ಒಂದು ಕ್ಷಣದಲ್ಲಿ ಬ್ರಷ್ ತಾಗಿಸ್ಬೇಕು. ಎಡಗಣ್ಣು ಮೊದಲ ಸಲಕ್ಕೇ ಬಂತು, ಬಲಗಣ್ಣು ಮೂರು ಸಲ ಒರೆಸಿ ನಾಲ್ಕನೇ ಸಲಕ್ಕೆ. 21ರ ರಾತ್ರಿ ಹನ್ನೊಂದೂವರೆಗೆ ಕರ್ಣ ನನ್ನನ್ನ ನೋಡಿದ. ಹೆಂಡತಿನ ಎಬ್ಬಿಸಿ ತೋರಿಸಿದೆ.

ಮರುದಿನ ಮೂರನೇ ಮೆಟ್ಟಿಲು, ಬಲಗಡೆ, ಒಂದು ಪಕ್ಕ ಚನ್ನಪಟ್ಟಣದ ಗೊಂಬೆ, ಇನ್ನೊಂದು ಪಕ್ಕ ಕಿನ್ನಾಳದ ಗೌರಿ. ಆಯಿಗೆ ವಿಡಿಯೋ ಕಾಲ್ ಮಾಡಿ ಫೋನ್ ಹತ್ರ ಹಿಡಿದೆ. ಅವರು ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದ್ರು, ಎಷ್ಟೋ ಕರ್ಣನ್ನ ಬೆಳಗಿನ ಜಾವದವರೆಗೆ ಕೂತು ನೋಡಿರೋರು. "ಚಂದ ಆಯ್ದು. ಮೀಸೆ ಮಾತ್ರ ಸಣ್ಣ ಆತಲ ತಮಾ" ಅಂದ್ರು.

ವಿಜಯದಶಮಿ ಮುಗಿದು ಉಳಿದ ಗೊಂಬೆಗಳನ್ನೆಲ್ಲ ಹಳೇ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಟ್ವಿ. ಕರ್ಣನ್ನ ಮಾತ್ರ ಟೇಬಲ್ಲಿಗೆ ವಾಪಸ್ ತಂದೆ, ಟಿಫನ್ ಡಬ್ಬಿಯಲ್ಲಿ ಕಪ್ಪು ಇನ್ನೂ ಒದ್ದೆ ಇತ್ತು.